ಹಳೆಯ ತೊಟ್ಟಿಯಲ್ಲಿ ಹೊಸ ಕಡಲು



ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ, ಪಡುಗಡಲಿಗೆ ಹೊರಟರೂ ಮೂಡುಗಡಲಿಗೆ ಹೊರಟರೂ ಸರಿಸುಮಾರು 300 ಕಿಲೋಮೀಟರು ಸಾಗಬೇಕಾದ ಬೆಂಗಳೂರಿನಲ್ಲಿ ವಾಸವಾಗಿದ್ದುಕೊಂಡು, ಮನೆಯೊಳಗೆ ಉಪ್ಪುನೀರಿನ ತೊಟ್ಟಿಯೊಂದನ್ನಿರಿಸಿ ಅದರಲ್ಲಿ ಹವಳದ ದಿಬ್ಬದ ಜೀವಿಗಳನ್ನು ಸಾಕಬೇಕೆಂಬ ಆಸೆ ಮನುಷ್ಯನಿಗೆ ಏತಕ್ಕೆ ಹುಟ್ಟುತ್ತದೆಯೋ ನಾನು ಹೇಳಲಾರೆ. ಹುಟ್ಟಿದ ಮೇಲೆ ಅದು ಸುಲಭವಾಗಿ ಬಿಟ್ಟುಹೋಗುವುದಿಲ್ಲವೆಂಬುದನ್ನು ಮಾತ್ರ ಅನುಭವದಿಂದ ಬಲ್ಲೆ. ಇತರರ ಮನೆಯಲ್ಲಿ ಎಂಟು ವರ್ಷ ಬಾಳಿದ ದೊಡ್ಡ ತೊಟ್ಟಿಯೊಂದನ್ನು ನಾನು ಕೊಂಡು ತಂದು, ಅದರಲ್ಲಿ ಮತ್ತೆ ಕಡಲನ್ನು ನೆಲೆಗೊಳಿಸಿದ ಕಥೆಯನ್ನು ಈ ಸಂಜೆ ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ನನ್ನಲ್ಲಿದ್ದುದು 75 ಲೀಟರು ನೀರು ಹಿಡಿಯುವ ಸಣ್ಣದೊಂದು ಗಾಜಿನ ಪೆಟ್ಟಿಗೆ. ಚಿಕ್ಕದಾದರೆ ಸಾಕುವುದು ಸುಲಭವೆಂದು ಎಲ್ಲರಂತೆ ನಾನೂ ಭಾವಿಸಿದ್ದೆ. ಒಂದು ಬೇಸಗೆಯಲ್ಲಿ, ಬಂಧುಗಳ ಮದುವೆಗೆಂದು ಶಿವಮೊಗ್ಗೆಗೆ ಹೋಗಿ ಮೂರು ದಿನ ಅಲ್ಲಿಯೇ ಉಳಿದು ಹಿಂದಿರುಗಿದಾಗ, ತೋರುಬೆರಳುದ್ದದ ಮೀನೊಂದು ಕಲ್ಲಿನ ಹಿಂದೆ ಸತ್ತು ಕೊಳೆತು, ಅದರಿಂದ ಹೊರಟ ಅಮೋನಿಯ ಆ ಸ್ವಲ್ಪ ನೀರಿನಲ್ಲಿ ವಿಷವಾಗಿ ಹರಡಿ, ಉಳಿದಿದ್ದ ಜೀವಗಳೆಲ್ಲವೂ ಒಂದೊಂದಾಗಿ ಹೋಗಿದ್ದವು. ಆ ರಾತ್ರಿ ಆ ಮಸುಕು ನೀರಿನ ಮುಂದೆ ಕುಳಿತಿದ್ದುದನ್ನು ನಾನು ಮರೆತಿಲ್ಲ. ನನ್ನನ್ನು ನಂಬಿದ್ದ ಪ್ರಾಣಿಗಳಿಗೆ ನಾನು ಮಾಡಿದ ಅಪಚಾರ ಅದು ಎಂಬ ಭಾವನೆ ಇಂದಿಗೂ ಮನಸ್ಸಿನಲ್ಲುಳಿದಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ: ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ 24 ಘನ ಅಡಿ, ಎಂದರೆ ಸುಮಾರು 680 ಲೀಟರು ನೀರು ಹಿಡಿಯುತ್ತದೆ; ಅದೇ ಮೀನು ಅದರಲ್ಲಿ ಸತ್ತಿದ್ದರೆ ಅದೇ ವಿಷ ಒಂಬತ್ತು ಪಾಲು ತಿಳಿಯಾಗಿರುತ್ತಿತ್ತು. ಬಿಸಿಲು ಏರಿದಾಗ ಅಷ್ಟೊಂದು ನೀರು ನಿಧಾನವಾಗಿ ಕಾಯುತ್ತದೆ. ಆವಿಯಾಗಿ ಒಂದು ಲೀಟರು ಹೋದರೆ ಸಣ್ಣ ತೊಟ್ಟಿಯ ಉಪ್ಪಿನ ಪ್ರಮಾಣ ಥಟ್ಟನೆ ಏರುತ್ತದೆ, ದೊಡ್ಡದರಲ್ಲಿ ಅದು ಅಳತೆಗೂ ಸಿಕ್ಕುವುದಿಲ್ಲ. ದೊಡ್ಡ ತೊಟ್ಟಿ ಸಾಕುವವನಿಗೆ ಕೊಡುವುದು ವೈಭವವನ್ನಲ್ಲ, ಅವಕಾಶವನ್ನು. ತಪ್ಪು ನಡೆದ ಗಳಿಗೆಗೂ ಅದು ಕೇಡಾಗಿ ಪರಿಣಮಿಸುವ ಗಳಿಗೆಗೂ ನಡುವೆ, ಎಚ್ಚತ್ತು ತಿದ್ದಿಕೊಳ್ಳುವುದಕ್ಕೆ ಬೇಕಾದ ಒಂದೆರಡು ದಿನಗಳನ್ನು.

ಆದರೆ ಅಷ್ಟು ದೊಡ್ಡ ತೊಟ್ಟಿಯನ್ನು ಹೊಸದಾಗಿ ಮಾಡಿಸಿ, ಅದರ ಪಂಪು, ದೀಪ, ಸ್ಕಿಮ್ಮರುಗಳನ್ನೆಲ್ಲ ಹೊಸದಾಗಿ ಕೊಳ್ಳುವುದು ನನ್ನ ಶಕ್ತಿಗೆ ಮೀರಿದ್ದಾಗಿತ್ತು. ಹೀಗಿರುವಾಗ ಮಲ್ಲೇಶ್ವರದಲ್ಲಿ ವಾಸವಾಗಿದ್ದ, ಕೆಲಸದಿಂದ ನಿವೃತ್ತರಾಗಿ ಮಗಳ ಊರಿಗೆ ಹೊರಟು ನಿಂತಿದ್ದ ಹಿರಿಯರೊಬ್ಬರು ತಮ್ಮ ತೊಟ್ಟಿಯನ್ನು ಕೊಡಲಿದ್ದಾರೆಂದು ತಿಳಿದು ನೋಡಲು ಹೋದೆ. ಹಳೆಯ ತೊಟ್ಟಿಯನ್ನು ಕೊಳ್ಳುವವನು ಗಾಜನ್ನು ಮಾತ್ರ ಕೊಳ್ಳುವುದಿಲ್ಲ, ಅದರ ಪೂರ್ವಚರಿತ್ರೆಯನ್ನೂ ಕೊಳ್ಳುತ್ತಾನೆ. ಆದಕಾರಣ ಗೀರು ಎಷ್ಟಿವೆ, ಬೆಲೆ ಎಷ್ಟು ಎಂಬ ಮಾತಿಗೆ ಮುನ್ನ ಕೇಳಬೇಕಾದ ಪ್ರಶ್ನೆಯೊಂದುಂಟು. ಅದನ್ನೇ ಕೇಳಿದೆ: "ಸ್ವಾಮಿ, ಈ ತೊಟ್ಟಿಗೆ ಎಂದಾದರೂ ತಾಮ್ರದ ಔಷಧ ಹಾಕಿದ್ದುಂಟೆ?"

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಇಷ್ಟು ಜನ ಬಂದು ಹೋದರು, ಯಾರೂ ಇದನ್ನು ಕೇಳಲಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ" ಎಂದು ಒಳಗಿನಿಂದ ದಪ್ಪ ರಟ್ಟಿನ ಒಂದು ನೋಟುಪುಸ್ತಕವನ್ನು ತಂದರು. ಎಂಟು ವರ್ಷಗಳ ದಿನಚರಿ ಅದರಲ್ಲಿತ್ತು: ಉಷ್ಣತೆ, ಉಪ್ಪಿನ ಅಂಶ, ನೀರು ಬದಲಿಸಿದ ದಿನ, ಮೀನು ತಂದ ದಿನ, ಮೀನು ಸತ್ತ ದಿನ. ಎರಡನೆಯ ವರ್ಷದಲ್ಲಿ ಬಿಳಿಚುಕ್ಕೆ ರೋಗ ಬಂದಿತ್ತು. ಔಷಧ ಹಾಕಿದ್ದು ಬೇರೆಯೊಂದು ಸಣ್ಣ ತೊಟ್ಟಿಯಲ್ಲಿ, ಇದರಲ್ಲಲ್ಲ ಎಂಬುದಕ್ಕೆ ಆ ಪುಟವೇ ಸಾಕ್ಷಿಯಾಗಿತ್ತು. ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆ ರೋಗವನ್ನು ತರುವ, ಮೀನಿನ ಮೈಮೇಲಣ ಪರೋಪಜೀವಿಯನ್ನು ಕೊಲ್ಲುವುದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಮದ್ದು ತಾಮ್ರದ ಲವಣ. ಮೀನು ಅದನ್ನು ಹೇಗೋ ತಾಳಿಕೊಳ್ಳುತ್ತದೆ, ಆದರೆ ಹವಳ, ಸೀಗಡಿ, ಬಸವನಹುಳು ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳಿಗೆ ಅದು ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಸುಣ್ಣದ ಕಲ್ಲೂ ಮರಳೂ ತಾಮ್ರವನ್ನು ಹೀರಿ ಹಿಡಿದಿಟ್ಟುಕೊಂಡು, ಎಷ್ಟೋ ತಿಂಗಳ ಮೇಲೆ ಮೆಲ್ಲಮೆಲ್ಲನೆ ನೀರಿಗೆ ಬಿಡುತ್ತವೆ. ಹೊಸ ಯಜಮಾನ ತಾನು ಮಾಡದ ತಪ್ಪಿಗೆ ಕಾರಣ ಹುಡುಕುತ್ತ ಕಂಗೆಡುವುದು ಹೀಗೆ.

ಅದೇ ಭೇಟಿಯಲ್ಲಿ ಇನ್ನೊಂದು ಮಾತೂ ಬಂದಿತು. ತೊಟ್ಟಿಯ ಜೊತೆಗೆ, ಧೂಳು ಹಿಡಿದು ಬೆಳ್ಳಗೆ ಒಣಗಿದ್ದ ಕವಲು ಹವಳದ ಎರಡು ದೊಡ್ಡ ಗೊಂಚಲುಗಳನ್ನು ಅವರು ಪ್ರೀತಿಯಿಂದ ಕೊಡಬಂದರು. ಬಹಳ ಹಿಂದೆ ಯಾವುದೋ ತೀರದಲ್ಲಿ ಮಾರುತ್ತಿದ್ದುದನ್ನು ತಂದದ್ದಂತೆ. ನಾನು ಕೈಜೋಡಿಸಿ ಒಲ್ಲೆನೆಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಹುಲಿಯೂ ಇರುವ ಅದೇ ಪಟ್ಟಿಗೆ, ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಕರಿಹವಳ, ಬೆಂಕಿಹವಳ, ಬೀಸಣಿಗೆಯಂತೆ ಹರಡುವ ಕಡಲಬೀಸಣಿಗೆಗಳು, ಕಡಲಕುದುರೆಗಳು ಇವೆಲ್ಲವೂ 2001ರಲ್ಲಿ ಸೇರಿದವು. ಸತ್ತ ಹವಳದ ಅಸ್ಥಿಪಂಜರವೂ ಆ ರಕ್ಷಣೆಯ ಹೊರಗಿನದಲ್ಲ. ಕಾಯಿದೆಯ ಭಯ ಒಂದು ಕಡೆಗಿರಲಿ. ಉಂಡೆಯಾಕಾರದ ಹವಳವೊಂದು ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುವುದಕ್ಕೆ ಒಂದು ವರ್ಷ ಬೇಕು. ಕುಂಬಳಕಾಯಿಯ ಗಾತ್ರದ್ದೊಂದನ್ನು ಉಳಿಯಿಂದ ಕಿತ್ತು ತರುವವನು ಕೆಲವೇ ನಿಮಿಷಗಳಲ್ಲಿ ಎಷ್ಟು ವರ್ಷಗಳ ಬೆಳೆಯನ್ನು ಕೀಳುತ್ತಾನೆಂಬುದನ್ನು ಲೆಕ್ಕ ಹಾಕಿದರೆ, ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರಣ್ಯ ಇಲಾಖೆಯವರನ್ನು ಕೇಳಿ ಒಪ್ಪಿಸಿಬಿಡುತ್ತೇನೆ" ಎಂದರು. ನೋಟುಪುಸ್ತಕವನ್ನು ಮಾತ್ರ ನಾನಾಗಿಯೇ ಬೇಡಿ ಪಡೆದೆ.

ತೊಟ್ಟಿಯನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಯನ್ನು ತೊಟ್ಟಿ ಬರುವುದಕ್ಕೆ ಮುಂಚೆಯೇ ನಿರ್ಣಯಿಸಿಕೊಳ್ಳಬೇಕು. ನೀರು 700 ಕಿಲೋ, 12 ಮಿಲಿಮೀಟರು ದಪ್ಪದ ಗಾಜು ನೂರಿಪ್ಪತ್ತು ಕಿಲೋಗೂ ಮೇಲೆ, ಕಲ್ಲು ಮರಳು ಮೇಜು ಕೆಳತೊಟ್ಟಿ ಎಲ್ಲ ಸೇರಿದರೆ ಒಟ್ಟು ಭಾರ ಒಂದು ಟನ್ನನ್ನು ದಾಟುತ್ತದೆ. ಈ ಭಾರವೆಲ್ಲ ಬೀಳುವುದು ಒಂದು ಚದರ ಮೀಟರಿಗಿಂತ ಅಷ್ಟೇನೂ ಹೆಚ್ಚಿಲ್ಲದ ಜಾಗದ ಮೇಲೆ. ನಮ್ಮ ಮನೆಗಳ ಮಹಡಿಯನ್ನು ಕಟ್ಟುವಾಗ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಯನ್ನು ಹಿಡಿದು ಲೆಕ್ಕ ಮಾಡುವುದು ರೂಢಿ. ಮಹಡಿಯ ಕೋಣೆಯಿಂದ ಮರಗಿಡಗಳು ಕಾಣುತ್ತವೆಂಬ ಆಸೆಯನ್ನು ಬಿಟ್ಟು, ನೆಲದಂತಸ್ತಿನ ನಡುಮನೆಯಲ್ಲಿ, ಕಿಟಕಿಯ ಬಿಸಿಲು ನೇರವಾಗಿ ಬೀಳದ ಗೋಡೆಯ ಮಗ್ಗುಲಲ್ಲಿ ಜಾಗ ಮಾಡಿದೆ. ಬಿಸಿಲು ಬಿದ್ದರೆ ನೀರು ಕಾಯುವುದಲ್ಲದೆ ಪಾಚಿಯೂ ಮಿತಿಮೀರುತ್ತದೆ.

ಆರು ಮಂದಿ ಹೊತ್ತು ತಂದ ತೊಟ್ಟಿಯನ್ನು ನೇರವಾಗಿ ಒಳಗಿಡಲಿಲ್ಲ. ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ, ಮಟ್ಟ ನೋಡಿ, ಥರ್ಮೋಕೋಲಿನ ಹಾಳೆ ಹಾಸಿ, ಅದರ ಮೇಲೆ ತೊಟ್ಟಿಯನ್ನಿರಿಸಿ, ಕೊಳಾಯಿಯ ನೀರನ್ನು ಕಂಠದವರೆಗೆ ತುಂಬಿಸಿ, ಅಂಚಿನ ಸುತ್ತಲೂ ಒಣಗಿದ ವೃತ್ತಪತ್ರಿಕೆಯನ್ನು ಹರಡಿದೆ. ಹನಿ ಎಲ್ಲಿ ಬಿದ್ದರೂ ಕಾಗದ ಕಪ್ಪಾಗಿ ಹೇಳುತ್ತದೆ. ಹಿಂದಿನ ಕಾಲದಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜನ್ನು ಮೆತ್ತುಗಾರೆಯಿಂದ ಕೂಡಿಸುತ್ತಿದ್ದರು. ಉಪ್ಪುನೀರು ಆ ಕಬ್ಬಿಣವನ್ನು ತಿಂದುಹಾಕುತ್ತಿತ್ತು. ಸಿಲಿಕೋನ್ ಅಂಟು ಬಂದು, ಗಾಜಿಗೆ ಗಾಜೇ ಆಧಾರವಾಗಿ ನಿಲ್ಲುವಂತಾದ ಮೇಲೆಯೇ ಸಾಮಾನ್ಯರ ಮನೆಗೆ ಕಡಲು ಬರುವುದು ಸಾಧ್ಯವಾಯಿತು. ಆ ಅಂಟಾದರೋ ಚಿರಂಜೀವಿಯಲ್ಲ. ಗಾಜನ್ನು ಉಜ್ಜುವ ಅಲಗು ತಗುಲಿ, ಒಣಗಿ ನೆನೆದು ಒಣಗಿ, ಅಂಚಿನಲ್ಲಿ ಸುಲಿಯತೊಡಗುತ್ತದೆ. ನನ್ನ ಭಾಗ್ಯಕ್ಕೆ ಮೊದಲ ದಿನ ಏನೂ ಕಾಣಲಿಲ್ಲ. ಎರಡನೆಯ ದಿನ ಬೆಳಗ್ಗೆ ಈಶಾನ್ಯದ ಮೂಲೆಯ ಕೆಳಗೆ ರೂಪಾಯಿ ಅಗಲದ ಒಂದು ಕಲೆ ಮೂಡಿತ್ತು.

ಇಂಥಲ್ಲಿ ಸೋರುವ ಜಾಗಕ್ಕಷ್ಟೇ ಹೊಸ ಅಂಟನ್ನು ಬಳಿದು ಮುಂದುವರಿಯುವ ಮನಸ್ಸಾಗುತ್ತದೆ. ಅದು ಉಪಯೋಗವಿಲ್ಲ, ಹೊಸ ಸಿಲಿಕೋನು ಹಳೆಯ ಸಿಲಿಕೋನನ್ನು ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಒಳಗಣ ಅಂಚಿನ ಅಂಟನ್ನೆಲ್ಲ ಅಲಗಿನಿಂದ ಹೆರೆದು, ಗಾಜನ್ನು ಸ್ಪಿರಿಟ್ಟಿನಿಂದ ಒರಸಿ, ಬೂಷ್ಟುನಾಶಕ ಬೆರೆಸದ ಶುದ್ಧ ಸಿಲಿಕೋನನ್ನು ಎಲ್ಲ ಅಂಚಿಗೂ ಒಂದೇ ಸಲಕ್ಕೆ ಎಳೆದು, ಒಂದು ವಾರ ಮುಟ್ಟದೆ ಬಿಟ್ಟು, ಮತ್ತೆ ನೀರು ತುಂಬಿಸಿ ಮತ್ತೆ ಕಾಗದ ಹಾಸಿದೆ. ಈ ಸಲ ಏಳು ದಿನವೂ ಕಾಗದ ಒಣಗಿಯೇ ಇತ್ತು. ಗಾಜಿನ ಮೇಲೆ ಕಟ್ಟಿದ್ದ ಸುಣ್ಣದ ಗುಲಾಬಿ ಪೊರೆಯನ್ನು ವಿನೆಗರಿನಿಂದಲೂ, ಪಂಪುಗಳೊಳಗಣ ಗಸಿಯನ್ನು ನಿಂಬೆಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಯೂ ತೆಗೆದೆ. ಸಾಬೂನನ್ನು ಹತ್ತಿರಕ್ಕೂ ತರಲಿಲ್ಲ. ಹಳೆಯ ಮರಳನ್ನು ಚೆಲ್ಲಿದೆ. ಎಂಟು ವರ್ಷದ ಕಶ್ಮಲ ಅದರ ಅಡಿಯಲ್ಲಿ ಕೂತಿರುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ನಾತ ಏಳುವ ಗಂಧಕದ ವಿಷಾನಿಲವೂ ಅಲ್ಲಿರಬಹುದು.

ತೊಟ್ಟಿಯ ಕೆಳಗೆ, ಮೇಜಿನೊಳಗೆ, ಇನ್ನೊಂದು ಚಿಕ್ಕ ತೊಟ್ಟಿ ಅಡಗಿರುತ್ತದೆ. ಮೇಲಣ ನೀರು ಅಂಚಿನ ಬಾಚಣಿಗೆಹಲ್ಲಿನಂಥ ಕಂಡಿಗಳಿಂದ ಕೆಳಕ್ಕೆ ಧುಮುಕಿ, ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಶುದ್ಧಿ ಮಾಡುವ ಮುಖ್ಯ ಸಾಧನ ಸ್ಕಿಮ್ಮರು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆದ್ದ ಮಡ್ಡಿಯನ್ನು ಜಾಲರಿಯಿಂದ ಬಾಚಿ ತೆಗೆಯುವುದನ್ನು ಕಂಡವರಿಗೆ ಇದರ ಕೆಲಸ ಕೂಡಲೆ ಅರ್ಥವಾದೀತು: ಅತಿ ಸಣ್ಣ ಗಾಳಿಗುಳ್ಳೆಗಳು ನೀರಿನಲ್ಲಿ ಕರಗಿದ ಜಿಡ್ಡನ್ನು ಮೈಗೆ ಅಂಟಿಸಿಕೊಂಡು ನೊರೆಯಾಗಿ ಏರಿ ಬಟ್ಟಲಿಗೆ ಬೀಳುತ್ತವೆ. ವಿದ್ಯುತ್ತು ನಿಂತಾಗ ಏನಾಗುವುದೆಂಬುದನ್ನು ಮಾತ್ರ ಇಲ್ಲಿ ಹೇಳದೆ ಹೋಗಲಾರೆ. ಪಂಪು ನಿಂತ ಕೂಡಲೆ ಮೇಲಣ ನೀರು ಕಂಡಿಯ ಮಟ್ಟಕ್ಕೆ ಇಳಿಯುವವರೆಗೆ ಕೆಳಕ್ಕೆ ಸುರಿಯುತ್ತಲೇ ಇರುತ್ತದೆ. ಆರಡಿಗೆ ಎರಡಡಿಯ ತೊಟ್ಟಿಯಲ್ಲಿ ಒಂದೇ ಒಂದು ಅಂಗುಲ ಇಳಿದರೂ 28 ಲೀಟರು. ಅಷ್ಟಕ್ಕೂ ಕೆಳತೊಟ್ಟಿಯಲ್ಲಿ ಸದಾ ಬರಿದಾದ ಜಾಗವಿರಬೇಕು. ಮೇಲೇರುವ ಕೊಳವೆಯ ಬಾಯಿಯ ಬಳಿ, ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಒಂದು ಸಣ್ಣ ರಂಧ್ರವನ್ನು ಕೊರೆದಿರಬೇಕು, ಇಲ್ಲದಿದ್ದರೆ ಆ ಕೊಳವೆಯೇ ಹಿಮ್ಮುಖವಾಗಿ ನೀರನ್ನು ಸೆಳೆದು ಮನೆಯನ್ನೆಲ್ಲ ಕೆರೆಯಾಗಿಸೀತು. ತೊಟ್ಟಿಗೆ ಜೀವಿಗಳು ಬರುವ ಮೊದಲೇ ಹತ್ತು ಸಲ ಸ್ವಿಚ್ಚನ್ನು ಆರಿಸಿ ನೋಡಿದೆ. ಅಲೆಯೆಬ್ಬಿಸುವ ಒಂದು ಪಂಪನ್ನು ಇನ್ವರ್ಟರಿಗೆ ಸೇರಿಸಿದೆ. ಕತ್ತಲೆಯಲ್ಲಿ ಹವಳ ಒಂದು ದಿನ ಬದುಕೀತು, ಕದಡದ ನೀರಿನಲ್ಲಿ ಮೀನಿಗೆ ಕೆಲವು ಗಂಟೆಗಳಲ್ಲೇ ಉಸಿರು ಸಾಲದಾಗುತ್ತದೆ.

ನೀರಿನ ವಿಚಾರ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಪದಾರ್ಥಗಳು ಪಾಚಿಗೆ ಹಬ್ಬವಾಗುತ್ತವೆಯಾದ್ದರಿಂದ, ಸೂಕ್ಷ್ಮಪೊರೆಯಿಂದಲೂ ಅಯಾನುಗಳನ್ನು ಹಿಡಿಯುವ ರಾಳದಿಂದಲೂ ಸೋಸಿದ ನೀರಿಗೆ ಉಪ್ಪನ್ನು ಬೆರೆಸಬೇಕು. ಅಡುಗೆಯ ಉಪ್ಪಾಗದು, ಕಡಲಿನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟು, ಸ್ಟ್ರಾನ್ಷಿಯಂ ಮುಂತಾದವು ಇವೆ. 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ 'ಚಾಲೆಂಜರ್' ಎಂಬ ಹಡಗು ತಂದ ಕಡಲನೀರಿನ 77 ಮಾದರಿಗಳನ್ನು ವಿಲಿಯಂ ದಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿದಾಗ, ಉಪ್ಪಿನ ಒಟ್ಟು ಮೊತ್ತ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿದ್ದರೂ ಅದರೊಳಗಣ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಲ್ಲಿಯೂ ಬಹುಮಟ್ಟಿಗೆ ಒಂದೇ ಎಂದು ತಿಳಿದುಬಂದಿತು. ಇದು ನನ್ನನ್ನು ಈಗಲೂ ಬೆರಗುಗೊಳಿಸುವ ಸಂಗತಿ. ಆ ಪ್ರಮಾಣವೊಂದು ಗೊತ್ತಿರುವುದರಿಂದಲೇ ಚೀಲದ ಉಪ್ಪನ್ನು ಸಾವಿರಕ್ಕೆ 35 ಪಾಲಿನಂತೆ ಬೆರೆಸಿ, ಎಂದರೆ ನನ್ನ ತೊಟ್ಟಿಗೆ 25 ಕಿಲೋದಷ್ಟು ಸುರಿದು, ಬೆಂಗಳೂರಿನ ಒಂದು ಕೋಣೆಯಲ್ಲಿ ಸಾಗರದ ನೀರನ್ನು ಮಾಡಬಹುದಾಗಿದೆ. ಮಂಗಳೂರಿನವರು ಕಡಲಿನಿಂದಲೇ ತರಬಹುದಲ್ಲ ಎಂದರೆ, ತರಬಹುದು. ಆದರೆ ಮಳೆಗಾಲದಲ್ಲಿ ನೇತ್ರಾವತಿ ಗುರುಪುರ ಹೊಳೆಗಳು ಬಂದು ಸೇರುವ ಅಳಿವೆಯ ಹತ್ತಿರದ ನೀರು ಕಡಲೂ ಅಲ್ಲ ಹೊಳೆಯೂ ಅಲ್ಲ.

ಇಷ್ಟಾದ ಮೇಲೆ ಬರುವುದು ಕಾಯುವ ಕೆಲಸ. ಇದೇ ಎಲ್ಲಕ್ಕಿಂತ ಕಷ್ಟವಾದುದು. ನೀರು ತಿಳಿಯಾಗಿದೆ, ದೀಪ ಹೊಳೆಯುತ್ತಿದೆ, ಅಲೆ ಆಡುತ್ತಿದೆ, ಆದರೂ ಆ ನೀರಿಗೆ ಇನ್ನೂ ಜೀವ ಬಂದಿಲ್ಲ. ಜೀರ್ಣವಾದ ಆಹಾರದಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟಾಗಿಯೂ ಇನ್ನೊಂದು ಬಗೆಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆಂಬುದನ್ನು ರಷ್ಯದ ವಿನೋಗ್ರಾಡ್ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟನು. ಕಲ್ಲಿನ ಗಾಳಿಯಾಡದ ಒಳರಂಧ್ರಗಳಲ್ಲಿ ಮೂರನೆಯ ಬಗೆಯವು ಅದನ್ನು ಮತ್ತೆ ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಜಕಾರ್ತದ ಲೀ ಚಿನ್ ಎಂಗ್ ಎಂಬಾತ, ಕಡಲಿನ ಸಜೀವವಾದ ಕಲ್ಲುಗಳನ್ನೇ ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳ ಹೊರತು ಬೇರೆ ಯಂತ್ರವಿಲ್ಲದೆ ಹವಳಗಳನ್ನು ಸಾಕುತ್ತಿದ್ದ ತನ್ನ ಕ್ರಮವನ್ನು 1961ರಲ್ಲಿ ಪ್ರಕಟಿಸಿದಾಗ, ಶುದ್ಧಿ ಮಾಡುವುದು ಯಂತ್ರವಲ್ಲ, ಕಲ್ಲಿನೊಳಗಣ ಈ ಅದೃಶ್ಯ ಪ್ರಜೆಗಳು ಎಂಬುದು ಲೋಕಕ್ಕೆ ಗೊತ್ತಾಗತೊಡಗಿತು. ನಮ್ಮಲ್ಲಿ ದಿಬ್ಬದ ಕಲ್ಲನ್ನು ಕೀಳುವುದು ಸಲ್ಲದಾದ್ದರಿಂದ ನಾನು ಸುಟ್ಟ ಜೇಡಿಯ ರಂಧ್ರಮಯವಾದ ಕೃತಕ ಕಲ್ಲುಗಳನ್ನು ಜೋಡಿಸಿ, ಮಿತ್ರರೊಬ್ಬರ ಹಳೆಯ ತೊಟ್ಟಿಯಿಂದ ತಂದ ಒಂದು ಹಿಡಿ ಜೇಡಿಗೋಲಿಗಳನ್ನು, ಹಾಲಿಗೆ ಹೆಪ್ಪಿಡುವಂತೆ, ಅವುಗಳ ನಡುವೆ ಇಟ್ಟೆ. ಆಹಾರಕ್ಕೆ ಒಂದು ಸೀಗಡಿಯ ತುಂಡು. ಅಮೋನಿಯ ಏರಿತು, ಇಳಿಯಿತು. ನೈಟ್ರೈಟು ಏರಿತು, ಬಹಳ ದಿನ ಇಳಿಯಲೊಲ್ಲದು. 38ನೆಯ ದಿನ ಎರಡೂ ಸೊನ್ನೆಗೆ ಬಂದುವು. ನಡುವೆ ಹೊಸ ಮರಳೆಲ್ಲ ಕಂದುಬಣ್ಣದ ಪೊರೆ ಕಟ್ಟಿತು, ಆಮೇಲೆ ಹಸುರು ಕೂದಲು ಬೆಳೆಯಿತು. ನೋಡಿದವರು ತೊಟ್ಟಿ ಕೆಟ್ಟಿತೆಂದರು. ಹಿರಿಯರ ನೋಟುಪುಸ್ತಕದ ಮೊದಲ ಪುಟಗಳಲ್ಲಿ ಇದೇ ಕಂದು, ಇದೇ ಹಸುರು, ಇದೇ ಕ್ರಮದಲ್ಲಿ ದಾಖಲಾಗಿದ್ದುದರಿಂದ ನಾನು ಧೈರ್ಯವಾಗಿದ್ದೆ.

ಮೊದಲು ತಂದದ್ದು ಬಸವನಹುಳುಗಳನ್ನು. ಅನಂತರ, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಮರಿಮಾಡಿಸುವ ವಿಧಾನವನ್ನು ಸಾಧಿಸಿಕೊಟ್ಟಿರುವ ಕ್ಲೌನ್ ಮೀನುಗಳಲ್ಲಿ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿಯನ್ನು. ಅನಂತರ, ಸುಣ್ಣದ ಅಸ್ಥಿಯನ್ನು ಕಟ್ಟದ ಮೆದುಹವಳಗಳಲ್ಲಿ, ಕಾಯಿದೆಯ ಪಟ್ಟಿಗೆ ಸೇರದ ಎರಡು ಬಗೆಗಳ ತುಂಡುಗಳನ್ನು, ಇತರರ ತೊಟ್ಟಿಯಲ್ಲಿ ಗಿಡದ ಕೊಂಬೆಯಂತೆ ಕತ್ತರಿಸಿ ಬೆಳೆಸಿದವನ್ನು. ಅಣಬೆಯಂತೆ ಅರಳುವ ಒಂದು, ತೊಗಲಿನ ಬಟ್ಟಲಿನಂತಹ ಇನ್ನೊಂದು. ಇವುಗಳ ಮೈಯಲ್ಲಿ ಒಂದೇ ಕೋಶದ ಪಾಚಿಗಳು ಒಕ್ಕಲಾಗಿದ್ದು, ನೀಲಿಯ ಬೆಳಕನ್ನು ಕುಡಿದು ಸಕ್ಕರೆಯನ್ನು ಮಾಡಿ ಯಜಮಾನನಿಗೂ ಪಾಲು ಕೊಡುತ್ತವೆ. ನೀರು ವಾಡಿಕೆಯ ಬೇಸಗೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಈ ಒಕ್ಕಲು ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳುಚಿಕೊಂಡು ಹಸಿಯುತ್ತದೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳಿಗೆ ಆದದ್ದು ಅದೇ. ಏಪ್ರಿಲಿನಲ್ಲಿ ನನ್ನ ತೊಟ್ಟಿ 29 ಡಿಗ್ರಿ ಮುಟ್ಟಿದಾಗ ನಾನು ನೀರಿನ ಮೇಲೆ ಎರಡು ಪುಟ್ಟ ಬೀಸಣಿಗೆಗಳನ್ನು ಬೀಸಿಸಿದೆ, ಎರಡು ಡಿಗ್ರಿ ಇಳಿಯಿತು. ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳಗಳಿಗೆ ಬೀಸಣಿಗೆ ಹಾಕುವವರಾರು ಎಂಬ ಯೋಚನೆ ಆ ರಾತ್ರಿ ಬಂದಿತು. ಅಲ್ಲಿಂದೀಚೆಗೆ ಪ್ರತಿ ಬೇಸಗೆಯಲ್ಲಿಯೂ ಬರುತ್ತದೆ.

ಬೀಸಣಿಗೆ ಬೀಸಿದಷ್ಟೂ ನೀರು ಆವಿಯಾಗುತ್ತದೆ, ದಿನಕ್ಕೆ ಆರೇಳು ಲೀಟರು. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದೂ ಸೋಸಿದ ಸಿಹಿನೀರನ್ನೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಡವನ್ನು ಬಗ್ಗಿಸಿ, ಗುರುತಿನ ಗೆರೆಯವರೆಗೆ ನೀರೆರೆದು, ಎಷ್ಟು ಲೀಟರು ಹಿಡಿಯಿತೆಂಬುದನ್ನು ಬರೆದಿಡುತ್ತೇನೆ. ಬರೆಯುವುದು ಹಿರಿಯರ ಆ ನೋಟುಪುಸ್ತಕದಲ್ಲಿಯೇ. ಅವರ ಕೊನೆಯ ಸಾಲಿನ ಕೆಳಗೆ ಒಂದು ಗೆರೆಯನ್ನೂ ಎಳೆಯದೆ ನನ್ನ ಮೊದಲ ಸಾಲನ್ನು ಬರೆದೆ. ತಿಂಗಳಿಗೊಮ್ಮೆ ಅವರು ಮಗಳ ಊರಿನಿಂದ ದೂರವಾಣಿಯಲ್ಲಿ ಮಾತನಾಡುತ್ತಾರೆ. ಮೀನಿನ ಕ್ಷೇಮಕ್ಕಿಂತ ಮೊದಲು ಅವರು ಕೇಳುವುದು ಆ ಈಶಾನ್ಯದ ಮೂಲೆಯನ್ನು. ಒಣಗಿದೆ ಎಂದು ಹೇಳುತ್ತೇನೆ. ಹೇಳುವುದಕ್ಕೆ ಮುಂಚೆ ಒಮ್ಮೆ ಹೋಗಿ ಕೈಯಾಡಿಸಿ ನೋಡಿರುತ್ತೇನೆ.